ಹಿಮ್ಮಡಿ ಮತ್ತು ಹೆಬ್ಬೆರಳು

ಉಗುರುಬೆಚ್ಚಗಿನ ನೀರು ಎಂದರೆ ಎಷ್ಟು ಬೆಚ್ಚಗೆ ಎಂದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ಯೋಚಿಸಿದವಳಲ್ಲ. ಬಲಗೈಯ ಹೆಬ್ಬೆರಳು ಅದ್ದಿದರೆ ಅದೇ ಹೇಳುತ್ತಿತ್ತು. ಇವತ್ತು ಬೆಳಗ್ಗೆ ಲ್ಯಾಬಿನ ಸಿಂಕಿನ ಮುಂದೆ ನಿಂತು, ಬಕೆಟ್ಟಿನಲ್ಲಿ ಉಪ್ಪು ಕರಗಿಸಿ, ಮಕ್ಕಳ ಶಾಂಪೂ ನಾಲ್ಕು ಹನಿ ಬಿಟ್ಟು, ಬೆರಳು ಅದ್ದಲು ಹೋದವಳು ಹಾಗೇ ನಿಂತಳು. ಆ ಬೆರಳನ್ನು ನಂಬುವುದೋ ಬೇಡವೋ ತಿಳಿಯಲಿಲ್ಲ. ಕೊನೆಗೆ ತೋಳು ಮಡಚಿ ಮೊಣಕೈ ಅದ್ದಿ ನೋಡಿದಳು, ಚೊಚ್ಚಲು ಹೆತ್ತವಳ ಹಾಗೆ. ನೀರು ಸರಿಯಾಗಿಯೇ ಇತ್ತು. ಕುಲಾವಿಯನ್ನು ಮುಳುಗಿಸಿದಳು. ನೂರಾ ಇಪ್ಪತ್ತೆಂಟು ಪುಟ್ಟ ಸ್ಪಂಜುಗಳ ಬಲೆ ಅದು. ಒಂದೊಂದು ಸ್ಪಂಜಿನೊಳಗೂ ಒಂದೊಂದು ತಂತಿಯ ತುದಿ. ಮಗುವಿನ ತಲೆಗೆ ತೊಡಿಸಿದರೆ, ಮಿದುಳು ಕೆಲಸ ಮಾಡುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಹಿಡಿದು ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಗೆರೆಗಳಾಗಿ ಓಡಿಸುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ, ಕೂದಲು ಒದ್ದೆಯಾಗುತ್ತದೆ ಅಷ್ಟೆ. ಮೊದಮೊದಲು ಎಲ್ಲರೂ ಅದನ್ನು ಟೋಪಿ ಎನ್ನುತ್ತಿದ್ದರು. ಅವಳ ಗಂಡ ನೆಂಟರ ಮನೆಯಲ್ಲಿ ನಾಲ್ಕು ಜನರೆದುರು, ನಮ್ಮವಳದು ಟೋಪಿ ಹಾಕುವ ಉದ್ಯೋಗ ಎಂದು ನಗಿಸಿದ ಮೇಲೆ ಅವಳು ಹಟ ಹಿಡಿದು ಕುಲಾವಿ ಎಂದು ಕರೆದಳು. ಲ್ಯಾಬಿನಲ್ಲಿ ಆ ಹೆಸರೇ ನಿಂತಿತು.

ಅವಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಆಸ್ಪತ್ರೆ ಬಿಟ್ಟು ಆರು ವರ್ಷವಾದರೂ ಹೆಸರು ಬಿಟ್ಟಿಲ್ಲ. ಕುಲಾವಿ ತೊಡಿಸುವುದರಲ್ಲಿ ಅವಳದು ಎತ್ತಿದ ಕೈ. ಬೇರೆ ಊರಿನ ಲ್ಯಾಬುಗಳಲ್ಲಿ ಮೂರು ಮಕ್ಕಳಲ್ಲಿ ಒಂದು ಅತ್ತು ಕಿತ್ತೆಸೆಯುತ್ತದಂತೆ. ಅವಳ ಕೈಯಲ್ಲಿ ಮೂರು ವರ್ಷದಿಂದ ಒಂದು ಮಗುವೂ ಅತ್ತಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಳತೆಯ ಟೇಪನ್ನು ತಲೆಯ ಸುತ್ತ ತಂದು, ನೆತ್ತಿಯ ಮೇಲೆ ಗುರುತು ಹಾಕಿ, ಮಗು ತಾಯಿಯ ಕಿವಿಯೋಲೆ ನೋಡುತ್ತಿರುವಷ್ಟರಲ್ಲಿ ತೊಡಿಸಿ ಮುಗಿಸಿರುತ್ತಾಳೆ. ಅವಳಿಗೆ ಇದರ ಹೆಮ್ಮೆ ಇತ್ತು, ಬೇಕಾದಷ್ಟಿತ್ತು. ಮುಚ್ಚಿಟ್ಟುಕೊಂಡೂ ಇರಲಿಲ್ಲ. ಲ್ಯಾಬಿನ ಕಿರುಪುಸ್ತಕದಲ್ಲಿ ಅವಳ ಚಿತ್ರ ಹಾಕಿದಾಗ ಮಣಿಕಟ್ಟಿನವರೆಗೆ ಕತ್ತರಿಸಿ, ಮಗುವಿನ ತಲೆಯನ್ನೂ ಅವಳ ಎರಡು ಕೈಗಳನ್ನೂ ಮಾತ್ರ ಉಳಿಸಿದ್ದರು. ಕೆಳಗೆ ಹೆಸರೂ ಇರಲಿಲ್ಲ. ಎರಡು ದಿನ ಹೊಟ್ಟೆ ಉರಿಯಿತು. ಮೂರನೆಯ ದಿನ, ಮುಖ ಯಾರಿಗೆ ಬೇಕು, ನನ್ನ ಕೈ ನೋಡಿದವರಿಗೆ ನಾನು ಗೊತ್ತಾಗುತ್ತೇನೆ ಎಂದುಕೊಂಡು ಹತ್ತು ಪ್ರತಿ ಮನೆಗೆ ತಂದಳು.

ನಿನ್ನೆ ನಾಲ್ಕು ಗಂಟೆಗೆ ಅವಳೂ ಆ ಕೈಗಳನ್ನು ನೋಡಿದಳು. ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಭಾಷಣದಲ್ಲಿ ತೋರಿಸಲು ಮಗು ನಗುವ ಒಂದು ತುಣುಕು ಹುಡುಕಿಕೊಡಿ ಎಂದಿದ್ದರು. ಮಗುವಿನ ಮುಖಕ್ಕೆ ಹಿಡಿದ ಕ್ಯಾಮೆರಾದ್ದು ಮಸುಕಾಗಿತ್ತು. ಮೂಲೆಯಲ್ಲಿ ಇನ್ನೊಂದು ಕ್ಯಾಮೆರಾ ಇದೆ, ಕತ್ತಲಲ್ಲೂ ಇಡೀ ಕೋಣೆ ಕಾಣುವಂತೆ. ಮಗುವೇನಾದರೂ ಬಿದ್ದರೆ ಸಾಕ್ಷಿಗೆ ಇರಲಿ ಎಂದು ಹಾಕಿದ್ದು. ಯಾವ ಮಗುವೂ ಬಿದ್ದಿರಲಿಲ್ಲವಾದ್ದರಿಂದ ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಅವಳು ತೆರೆದಳು. ತಾಯಿಯ ಮಡಿಲಲ್ಲಿ ಮಗು, ಎದುರಿಗೆ ಟೀವಿ, ತಾಯಿಯ ಮೊಣಕಾಲ ಬಳಿ ಗಿಡ್ಡ ಸ್ಟೂಲಿನ ಮೇಲೆ ಮಗುವಿನ ಬಲಪಾದ ಹಿಡಿದುಕೊಂಡ ದಪ್ಪ ಬೆನ್ನಿನ ಹೆಂಗಸು. ಇಷ್ಟು ದಪ್ಪವಾಗಿದ್ದೇನಾ ಎಂದು ಮೊದಲು ಅನಿಸಿದ್ದು ಅಷ್ಟೇ. ಆಮೇಲೆ ಅವಳ ಕಣ್ಣು ಆ ಪಾದದ ಮೇಲೆ ಹೋಯಿತು. ಹಿಮ್ಮಡಿಯ ಮೇಲಿದ್ದ ಹೆಬ್ಬೆರಳು ಒತ್ತಿತು. ಬಿಟ್ಟಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಒತ್ತಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಅವಳ ಹೆಬ್ಬೆರಳು ಅವಳಿಗೆ ಕಾಣಲು ಕ್ಯಾಮೆರಾ ಬೇಕಾಯಿತು.

ಪ್ರಯೋಗ ಹೇಳುವುದಕ್ಕೆ ಬಲು ಸರಳ. ಟೀವಿಯಲ್ಲಿ ದನಿಯಿಲ್ಲದೆ ಹಳದಿ ಬಾತುಕೋಳಿಯೊಂದು ಬರುತ್ತದೆ, ನೀಲಿ ಹಲಗೆಯ ಹಿಂದೆ ಹೋಗುತ್ತದೆ. ಕೆಲವು ಸಲ ಆ ಕಡೆಯಿಂದ ಹೊರಬಂದು ಹೊರಟೇಹೋಗುತ್ತದೆ. ಕೆಲವು ಸಲ ಹಿಂದೆಯೇ ಉಳಿಯುತ್ತದೆ. ಆಮೇಲೆ ಎರಡು ಸೆಕೆಂಡು ಬರೀ ನೀಲಿ ಹಲಗೆ. ಆಮೇಲೆ ಹಲಗೆ ಬೀಳುತ್ತದೆ. ಆ ಎರಡು ಸೆಕೆಂಡು ಕಣ್ಣಿಗೆ ಕಾಣುವುದು ಎರಡು ಸಲವೂ ಒಂದೇ, ನೀಲಿ ಬಣ್ಣ. ಆರೇಳು ತಿಂಗಳ ಕೂಸಿನ ತಲೆಯೊಳಗೂ ಒಂದೇಯೋ, ಅಥವಾ ಕಾಣದ ಬಾತುಕೋಳಿ ಅಲ್ಲೇ ಇದೆ ಎಂದು ಅದಕ್ಕೆ ಗೊತ್ತೋ? ಮೂರು ವರ್ಷದಲ್ಲಿ ಬಂದ ಎಂಬತ್ತಾರು ಮಕ್ಕಳ ಗೆರೆಗಳನ್ನು ಒಟ್ಟು ಹಾಕಿದಾಗ, ಬಾತುಕೋಳಿ ಹಿಂದೆ ಉಳಿದಾಗ ಮಾತ್ರ ಗೆರೆ ಮೆಲ್ಲನೆ ಮೇಲೆದ್ದು ಒಂದು ದಿಬ್ಬವಾಗುತ್ತಿತ್ತು. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ದಿಬ್ಬ, ದಿಬ್ಬ. ಮನೆಯಲ್ಲಿ ಅತ್ತೆಗೆ ಇದನ್ನು ವಿವರಿಸಿದಾಗ ಅವರು ಪೂರ್ತಿ ಕೇಳಿ, ಬಟ್ಟೆಯ ಕೆಳಗೆ ಚಮಚ ಮುಚ್ಚಿಟ್ಟರೆ ಕೂಸು ಹುಡುಕುತ್ತದೆ, ಅದಕ್ಕೆ ಇಷ್ಟೆಲ್ಲ ಯಂತ್ರವೇ ಎಂದಿದ್ದರು. ಆರು ತಿಂಗಳಿಗೆ ಕೈ ಹುಡುಕುವುದಿಲ್ಲ ಅತ್ತೆ, ಆದರೆ ತಲೆ ಆಗಲೇ ಹುಡುಕುತ್ತಿರುತ್ತದೆ, ಅದನ್ನು ಯಂತ್ರ ಮಾತ್ರ ನೋಡಬಲ್ಲದು ಎಂದು ಅವಳು ಸ್ವಲ್ಪ ಗತ್ತಿನಿಂದಲೇ ಹೇಳಿದ್ದಳು. ನಿನ್ನ ಮಗಳು ಮೊದಲ ಸಲ ಚಮಚ ಹುಡುಕಿದ್ದನ್ನು ನಾನು ನೋಡಿದೆ, ನೀನು ಡ್ಯೂಟಿಯಲ್ಲಿದ್ದೆ ಎಂದು ಅತ್ತೆ ಹೇಳಿ, ಹೊದಿಕೆ ಮಡಚುತ್ತ ಒಳಗೆ ಹೋದರು.

ಡ್ಯೂಟಿ ಎಂದರೆ ನವಜಾತ ಶಿಶುಗಳ ವಾರ್ಡು. ಹನ್ನೆರಡು ವರ್ಷ ಅಲ್ಲಿ ಅವಳ ಕೆಲಸ ಹುಟ್ಟಿದ ಎರಡನೆಯ ದಿನದ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಪರೀಕ್ಷೆಯ ಕಾಗದದ ಮೇಲೆ ರಕ್ತದ ಹನಿ ಬೀಳಿಸುವುದು. ಪಾದವನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಒತ್ತಿ, ಬಿಟ್ಟು, ಒತ್ತಿ, ಹನಿ ತುಂಬುವವರೆಗೆ ಕಾಯಬೇಕು. ಕೂಸುಗಳು ಕಿರುಚುತ್ತಿದ್ದವು. ದಿನಕ್ಕೆ ಇಪ್ಪತ್ತು, ಮೂವತ್ತು. ಮನೆಗೆ ಬಂದು ತನ್ನ ಮಗಳ ಕಾಲು ಹಿಡಿದರೆ ಆ ಬೆರಳು ತಾನಾಗಿ ಹಿಮ್ಮಡಿಗೆ ಹೋಗುತ್ತಿತ್ತು, ಅವಳು ಕೈ ಕಿತ್ತುಕೊಳ್ಳುತ್ತಿದ್ದಳು. ಎಷ್ಟೋ ದಿನ ಮಗಳಿಗೆ ಸಾಕ್ಸ್ ಹಾಕಿದ್ದು ಅತ್ತೆಯೇ. ಈ ಲ್ಯಾಬಿಗೆ ಬಂದಾಗ ಮಕ್ಕಳನ್ನು ಅಳಿಸದ ಕೆಲಸ ಸಿಕ್ಕಿತಲ್ಲ ಎಂದು ಮೊದಲ ಸಂಬಳ ಬರುವ ಮುಂಚೆಯೇ ಅವಳಿಗೆ ಅಳು ಬಂದಿತ್ತು. ಅದೇ ಹಿಡಿತ ಇಲ್ಲಿ ಬೇರೆ ಕೆಲಸಕ್ಕೆ ಬಂತು. ಹಿಮ್ಮಡಿ ಯಾರದಾದರೂ ಅಂಗೈಯಲ್ಲಿ ಬೆಚ್ಚಗಿದ್ದರೆ ಮಗು ತಲೆಗೆ ಕೈ ಹಾಕುವುದಿಲ್ಲ ಎಂದು ಕಂಡುಹಿಡಿದವಳು ಅವಳೇ.

ಮಗುವನ್ನು ಎತ್ತಿಕೊಂಡವರಿಗೆ ಕಪ್ಪು ಕನ್ನಡಕ ಹಾಕುತ್ತಾರೆ. ಟೀವಿ ಅವರಿಗೆ ಕಾಣಬಾರದು. ಕಂಡರೆ ಅವರ ಮೈ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ, ಅದು ಮಡಿಲಿನ ಮಗುವಿಗೆ ತಿಳಿಯುತ್ತದೆ. ಎಂಬತ್ತಾರು ಜನರಿಗೆ ಅವಳೇ ತನ್ನ ಕೈಯಾರೆ ಕನ್ನಡಕ ಹಾಕಿದ್ದಳು. ಅವಳಿಗೆ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ. ಕುರ್ಚಿಗೆ ಕನ್ನಡಕ ಹಾಕುತ್ತಾರೆಯೇ? ಅವಳೂ ಬಾತುಕೋಳಿಯನ್ನು ನೋಡುತ್ತ ಕೂತಿರುತ್ತಿದ್ದಳು, ಸಾವಿರ ಸಲ ನೋಡಿದ್ದರೂ ಹಲಗೆ ಬೀಳುವುದನ್ನು ಕಾಯುತ್ತಿದ್ದಳು. ಕಾಯುವಾಗ ಆ ಬೆರಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಇವತ್ತು ಬೆಳಗ್ಗೆ ಏಳಕ್ಕೇ ಬಂದು ಮೂರು ಮಕ್ಕಳ ವಿಡಿಯೋ ನಿಧಾನವಾಗಿ ಓಡಿಸಿ ಎಣಿಸಿದ್ದಳು. ಮೊದಲನೆಯ ಮಗು: ಬಾತುಕೋಳಿ ಹಿಂದೆ ಉಳಿದ ಇಪ್ಪತ್ತು ಸಲದಲ್ಲಿ ಹದಿನೈದು ಒತ್ತು, ಹೊರಟುಹೋದ ಇಪ್ಪತ್ತರಲ್ಲಿ ಮೂರು. ಇನ್ನೆರಡು ಮಕ್ಕಳದ್ದೂ ಹೆಚ್ಚುಕಡಿಮೆ ಹಾಗೆಯೇ. ಹಾಗಾದರೆ ದಿಬ್ಬ ಬಾತುಕೋಳಿಯದಲ್ಲ. ಮಗುವಿನ ತಲೆಯಲ್ಲಿ ಎದ್ದದ್ದು, ಯಾರೋ ಹಿಮ್ಮಡಿ ಒತ್ತಿದರು ಎಂಬ ಸುದ್ದಿ.

ದಿಬ್ಬದ ಬಗ್ಗೆ ಮೇಡಂ ಬರೆದ ಲೇಖನ ಶುಕ್ರವಾರ ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು. ಇವತ್ತು ಬುಧವಾರ. ಕುಲಾವಿಯನ್ನು ನೀರಿನಲ್ಲಿ ಬಿಟ್ಟು ಕೈ ಒರೆಸಿಕೊಳ್ಳುತ್ತ ಅವಳು ಲೆಕ್ಕ ಹಾಕಿದಳು: ಆ ವಿಡಿಯೋ ಯಾರು ನೋಡುತ್ತಾರೆ? ಯಾರೂ ಇಲ್ಲ. ಮಗು ಬಿದ್ದರೆ ತಾನೆ ನೋಡುವುದು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ಸಿಂಕಿನಿಂದ ಬಾಗಿಲಿಗೆ, ಬಾಗಿಲಿನಿಂದ ಸಿಂಕಿಗೆ ನಾಲ್ಕು ಸಲ ನಡೆದಳು. ಅವಳನ್ನು ಕಾಡಿದ್ದು ಕೆಲಸ ಹೋದೀತೆಂಬ ಭಯವಲ್ಲ. ಹೇಳಿದರೆ, ಮಕ್ಕಳನ್ನು ಅಳಿಸದ ಆ ಕೈ ಮೂರು ವರ್ಷದ ಕೆಲಸ ಕೆಡಿಸಿದ ಕೈಯಾಗುತ್ತದೆ. ಹೇಳದಿದ್ದರೆ ಜಗತ್ತಿನ ಮುಂದೆ ಹೊಗಳಿಸಿಕೊಂಡ ಕೈಯಾಗುತ್ತದೆ, ಅವಳೊಬ್ಬಳ ಮುಂದೆ ಮಾತ್ರ ಅಲ್ಲ. ಆ ಒಬ್ಬಳು ಜಗತ್ತಿಗಿಂತ ಕಟ್ಟುನಿಟ್ಟು ಎಂದು ಅವಳಿಗೆ ಗೊತ್ತಿತ್ತು. ಇನ್ನೊಬ್ಬರ ತಪ್ಪು ಎಣಿಸಿದ ಹಾಗೆ ತನ್ನದನ್ನು ಬೆಳಗ್ಗೆಯೇ ಎಣಿಸಿ ಮುಗಿಸಿದವಳು ಅವಳು. ಒಂದು ಒತ್ತನ್ನೂ ಬಿಟ್ಟಿರಲಿಲ್ಲ. ಆ ಯೋಚನೆ ಬಂದಾಗ, ನಾಚಿಕೆಯ ನಡುವೆಯೂ, ಬೆನ್ನು ಸ್ವಲ್ಪ ನೆಟ್ಟಗಾಯಿತು.

ಮೇಡಂ ಕೋಣೆಯಲ್ಲಿ ಲೇಖನದ ಕೊನೆಯ ಪುಟ ತಿದ್ದುತ್ತಿದ್ದರು. ಅವಳನ್ನು ಕಂಡು, ನಿಮ್ಮ ಬಗ್ಗೆಯೇ ಬರೆಯುತ್ತಿದ್ದೇನೆ, ಒಂದು ಮಗುವೂ ಅಳದಿರುವುದಕ್ಕೆ ಕಾರಣರಾದ ಸಹಾಯಕಿಗೆ ಕೃತಜ್ಞತೆ ಎಂದು ಹಾಕಿದ್ದೇನೆ ಎಂದರು. ಮಾತು ಹುಣ್ಣಿನ ಮೇಲೆ ಉಪ್ಪಿನಂತೆ ಬಿತ್ತು. ಅವಳು ಕೂರಲಿಲ್ಲ. ನಿಂತೇ, ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಒಪ್ಪಿಸುವ ಹಾಗೆ ಎಲ್ಲವನ್ನೂ ಒಪ್ಪಿಸಿದಳು: ಕ್ಯಾಮೆರಾ, ಹೆಬ್ಬೆರಳು, ಹದಿನೈದು, ಮೂರು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

“ಬೇರೆ ಯಾರು ನೋಡಿದಾರೆ?”

“ಯಾರೂ ಇಲ್ಲ ಮೇಡಂ. ನಾನೇ.”

“ಮೂರು ವರ್ಷ, ಸಿಸ್ಟರ್.”

“ಹೌದು ಮೇಡಂ.”

ಮೇಡಂ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕಿಟಕಿಯ ಕಡೆ ತಿರುಗಿ, ಹೊರಗೆ ಸೈಕಲ್ ನಿಲ್ಲಿಸುವ ಜಾಗವನ್ನು ಮೊದಲ ಸಲ ಕಂಡವರ ಹಾಗೆ ನೋಡುತ್ತ ಕುಳಿತರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದದ್ದು ನಾನು, ಆ ಕನ್ನಡಕ ನಿಮಗೂ ಹಾಕಬೇಕು ಅಂತ ಹೊಳೆಯಬೇಕಾದದ್ದು ನನಗೆ ಎಂದು ಹೇಳಿದರು. ಆ ಔದಾರ್ಯ ಅವಳಿಗೆ ಬೇಡವಾಗಿತ್ತು. ತಪ್ಪು ಮಾಡಿದ್ದು ತನ್ನ ಬೆರಳು. ಅದನ್ನು ಮೇಡಂ ಎತ್ತಿಕೊಂಡು ಹೋದರೆ ತಾನು ಮತ್ತೆ ಕುರ್ಚಿಯಾಗುತ್ತೇನೆ ಎನಿಸಿತು. ಹನ್ನೊಂದಕ್ಕೆ ಒಂದು ಮಗು ಬರುವುದಿದೆ, ವಾಪಸು ಕಳಿಸೋಣವೇ ಎಂದು ಮೇಡಂ ಕೇಳಿದರು. ಬೇಡ ಎಂದಳು. ಕನ್ನಡಕ ಹಾಕಿಕೊಂಡು ಕೂರುತ್ತೇನೆ, ಕೈಯನ್ನು ಕಟ್ಟಿಹಾಕಿಕೊಳ್ಳುತ್ತೇನೆ, ಕ್ಯಾಮೆರಾದಲ್ಲಿ ನೀವು ನನ್ನನ್ನೇ ನೋಡುತ್ತಿರಿ ಎಂದಳು. ಹೇಳಿದ ಧಾಟಿ ಆಜ್ಞೆಯಂತಿತ್ತು. ಮೇಡಂ ತಲೆಯಾಡಿಸಿದರು.

ಹನ್ನೊಂದರ ಮಗುವನ್ನು ಕರೆತಂದದ್ದು ಅದರ ತಾತ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಏಳು ತಿಂಗಳ ಗಂಡುಮಗು, ಬೋಳುತಲೆ, ತಾತನದೇ ಅಚ್ಚು. ನಮ್ಮ ಮರಿ ಮಹಾ ಚುರುಕು, ಇವನಿಗೆ ಪರೀಕ್ಷೆ ಅಂದರೆ ಲೆಕ್ಕಕ್ಕಿಲ್ಲ ಎಂದು ತಾತ ಬಾಗಿಲಲ್ಲೇ ಶುರುಮಾಡಿದರು. ಇದು ಪರೀಕ್ಷೆಯಲ್ಲ, ಪಾಸು ಫೇಲು ಏನೂ ಇಲ್ಲ ಎಂದು ಅವಳು ಎಂಬತ್ತೇಳನೆಯ ಸಲ ಹೇಳಿದಳು. ಅಳತೆ ತೆಗೆದಳು, ನೆತ್ತಿ ಗುರುತಿಸಿದಳು. ಕುಲಾವಿ ಏರಿತು, ಮಗು ತಾತನ ಮೀಸೆಯನ್ನು ನೋಡುತ್ತಲೇ ಇತ್ತು. ತಾತನಿಗೆ ಕಪ್ಪು ಕನ್ನಡಕ ಹಾಕಿದಳು. ಆಮೇಲೆ ತನ್ನ ಬಲ ಹೆಬ್ಬೆರಳನ್ನು ತೋರುಬೆರಳಿಗೆ ಸೇರಿಸಿ ಬಿಳಿ ಪಟ್ಟಿಯಿಂದ ಮೂರು ಸುತ್ತು ಸುತ್ತಿದಳು. ಪೆಟ್ಟಾಯಿತೇ ಎಂದು ತಾತ ಕನ್ನಡಕ ಎತ್ತಿ ಕೇಳಿದರು. ಸ್ವಲ್ಪ, ವಾಸಿಯಾಗುತ್ತದೆ ಎಂದಳು. ಕನ್ನಡಕ ಹಾಕಿಕೊಂಡಳು. ದೀಪ ಆರಿತು.

ಮೊದಲು ಏನೂ ಇರಲಿಲ್ಲ. ಕತ್ತಲೆ, ತಾತನ ಉಸಿರು, ಒದ್ದೆ ಸ್ಪಂಜಿನ ವಾಸನೆ. ಅವಳ ಬೆರಳುಗಳ ಮೇಲೆ ಒಂದು ಪಾದ, ಬನ್ನಿನಷ್ಟು ಮೆತ್ತಗೆ. ಟೀವಿಯಲ್ಲಿ ಬಾತುಕೋಳಿ ಬಂತೋ ಹೋಯಿತೋ ಅವಳಿಗೆ ತಿಳಿಯುವಂತಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವಳು ಕಾಯಲಿಲ್ಲ. ಕಾಯುವುದಕ್ಕೆ ಏನೂ ಇರಲಿಲ್ಲ. ಆಗ ಹಿಮ್ಮಡಿ ಅವಳ ಬೆರಳುಗಳನ್ನು ಒತ್ತಿತು. ತುಂಬ ಮೆಲ್ಲಗೆ. ಒತ್ತಿಕೊಂಡೇ ಇತ್ತು, ಆಮೇಲೆ ಸಡಿಲವಾಯಿತು. ತನ್ನದೇ ಭ್ರಮೆ ಎಂದುಕೊಂಡಳು. ಪಟ್ಟಿ ಸುತ್ತಿದ ಬೆರಳು ಅಲುಗಾಡುವಂತೆಯೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒತ್ತಿತು. ಮಗು ಒದೆಯುತ್ತಿರಲಿಲ್ಲ, ಒದೆತ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇದು ಬೇರೆ. ಬಾಗಿಲು ತೆರೆದೀತು ಎಂದು ಕಾಯುವವರು ಕಾಲಿನ ಮೇಲೆ ಭಾರ ಬಿಡುತ್ತಾರಲ್ಲ, ಹಾಗೆ. ಬಾಯಿ ಬಿಡುವಂತಿಲ್ಲ, ಕೈ ಅಲುಗಿಸುವಂತಿಲ್ಲ. ಎಡಗೈ ಬೆನ್ನ ಹಿಂದೆ ಇತ್ತು, ಮಗುವಿಗೆ ಕಾಣದಂತೆ. ಹಿಮ್ಮಡಿ ಒತ್ತಿದಾಗ ಆ ಕೈಯ ತೋರುಬೆರಳನ್ನು ಎತ್ತಿದಳು, ಸಡಿಲವಾದಾಗ ಇಳಿಸಿದಳು. ಮೂಲೆಯ ಕ್ಯಾಮೆರಾ ನೋಡುತ್ತಿದೆ ಎಂಬುದು ಮಾತ್ರ ಅವಳಿಗೆ ನೆನಪಿತ್ತು. ಕತ್ತಲೆಯಲ್ಲಿ ಕೂತು, ಕಾಣದ ಹಲಗೆಯ ಹಿಂದಿರುವ ಕಾಣದ ಬಾತುಕೋಳಿಯ ಸುದ್ದಿಯನ್ನು ಒಂದು ಕೂಸಿನ ಕಾಲಿನಿಂದ ತೆಗೆದುಕೊಂಡು, ಎತ್ತಿದಳು, ಇಳಿಸಿದಳು. ಇಷ್ಟು ದಿನ ಒತ್ತುತ್ತಿದ್ದದ್ದು ಯಾರು? ಬೆರಳು ಕಾಲಿಗೆ ಹೇಳಿತೋ, ಕಾಲು ಹೇಳಿದ್ದಕ್ಕೆ ಬೆರಳು ಹೂಂ ಎಂದಿತೋ?

ದೀಪ ಹತ್ತಿತು. ಮಗು ಅತ್ತಿರಲಿಲ್ಲ. ಪಾಸಾದನೇ ಎಂದು ತಾತ ಕೇಳಿದರು. ಅವಳು ಮಗುವಿನ ತಲೆ ಒರೆಸಿದಳು, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ತಾತನನ್ನು ಕಳಿಸಿ ಪಕ್ಕದ ಕೋಣೆಗೆ ಹೋದಾಗ ಮೇಡಂ ಒಂದು ಹಾಳೆಯ ಮೇಲೆ ಎರಡು ಸಾಲು ಗೀಟು ಎಳೆದಿಟ್ಟುಕೊಂಡಿದ್ದರು. ಅವರ ಮುಖ ಕೆಂಪಾಗಿತ್ತು.

“ಕನ್ನಡಕದ ಸಂದಿಯಿಂದ ಏನಾದ್ರೂ ಕಾಣ್ತಿತ್ತಾ? ನಿಜ ಹೇಳಿ.”

“ನಿಮ್ಮಾಣೆ ಇಲ್ಲ ಮೇಡಂ. ನೀವೇ ಹಾಕ್ಕೊಂಡು ನೋಡಿ.”

ಮೇಡಂ ಹಾಕಿಕೊಂಡೇ ನೋಡಿದರು. ಆಮೇಲೆ ಹಾಳೆಯನ್ನು ಅವಳ ಕಡೆ ತಳ್ಳಿದರು. ಬಾತುಕೋಳಿ ಹಿಂದೆ ಉಳಿದದ್ದು ಹತ್ತೊಂಬತ್ತು ಸಲ; ಅದರಲ್ಲಿ ಹದಿನಾರು ಸಲ ನೀಲಿ ಹಲಗೆಯ ಆ ಎರಡು ಸೆಕೆಂಡಿನಲ್ಲಿ ಅವಳ ಎಡಗೈ ಬೆರಳು ಮೇಲೆದ್ದಿತ್ತು. ಹೊರಟುಹೋದದ್ದೂ ಹತ್ತೊಂಬತ್ತು, ಬೆರಳು ಎದ್ದದ್ದು ಎರಡು ಸಲ. ಅವಳು ಹಾಳೆಯನ್ನು ಎರಡು ಸಲ ಎಣಿಸಿದಳು. ಒಂದೇ ಮಗು ಇದು, ಒಂದು ಮಗುವಿನಿಂದ ಏನೂ ಹೇಳುವಂತಿಲ್ಲ ಎಂದು ಮೇಡಂ ಅವಳಿಗೋ ತಮಗೋ ಹೇಳಿಕೊಂಡರು. ಅವಳಿಗೂ ಗೊತ್ತಿತ್ತು. ಹಿಮ್ಮಡಿಯ ಕೆಳಗೆ ಒತ್ತಡ ಅಳೆಯುವ ತೆಳು ಪಟ್ಟಿಯೊಂದನ್ನು ಇಡಬೇಕು, ಇನ್ನೂ ನಲವತ್ತು ಮಕ್ಕಳು ಬೇಕು, ಪಾದ ಹಿಡಿಯುವವರಿಗೂ ಕನ್ನಡಕ ಕಡ್ಡಾಯ ಎಂದು ಬರೆಯಬೇಕು ಎಂದು ಮೇಡಂ ಒಂದೇ ಉಸಿರಿಗೆ ಹೇಳುತ್ತಿದ್ದರು, ಹೊಸ ಕೆಲಸಕ್ಕೆ ಸೇರಿದ ಹುಡುಗಿಯ ಹಾಗೆ. ತನ್ನ ಕೈ ತಿಳಿದದ್ದನ್ನು ಅಳೆಯಲು ಒಂದು ಯಂತ್ರ ಮಾಡಬೇಕಾಗಿದೆ! ಅವಳಿಗೆ ಕೂಗಿ ಯಾರಿಗಾದರೂ ಹೇಳಬೇಕೆನಿಸಿತು. ಅತ್ತೆಗೆ ಹೇಳಬೇಕೆನಿಸಿತು, ಎಲ್ಲರಿಗಿಂತ ಮೊದಲು.

ಆದರೆ ಹಳೆಯದು ಹಳೆಯದೇ. ಆ ವಿಡಿಯೋಗಳಲ್ಲಿ ಹಿಮ್ಮಡಿ ಅವಳ ಬೆರಳಿನಡಿ ಮುಚ್ಚಿಹೋಗಿತ್ತು. ಮೊದಲು ಒತ್ತಿದ್ದು ಯಾರು ಎಂದು ಹೇಳುವ ದಾರಿ ಇರಲಿಲ್ಲ. ಶುಕ್ರವಾರದ ಲೇಖನ ಹೋಗುವುದಿಲ್ಲ, ಎಂಬತ್ತಾರನ್ನೂ ಬಿಡಬೇಕು ಎಂದು ಮೇಡಂ ದೊಡ್ಡ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು. ಅದರಲ್ಲಿ ಮಗುವಿಗೊಂದು ಸಾಲು. ಕೈಬಿಟ್ಟ ಮಗುವಾದರೆ ಕೊನೆಯ ಅಂಕಣದಲ್ಲಿ ಕಾರಣ ಬರೆಯಬೇಕು. ಬೇರೆ ಪ್ರಯೋಗಗಳ ಪುಟಗಳಲ್ಲಿ ನಿದ್ದೆ ಹೋಯಿತು, ಜ್ವರ ಎಂದೆಲ್ಲ ಇತ್ತು. ಈ ಪುಟಗಳಲ್ಲಿ ಆ ಅಂಕಣ ಮೂರು ವರ್ಷದಿಂದ ಖಾಲಿ. ಪ್ರಯೋಗದ ವಿಧಾನದಲ್ಲಿ ದೋಷ ಎಂದು ಬರೆದರಾಯಿತು ಎಂದು ಮೇಡಂ ಪೆನ್ನು ತೆಗೆದರು. ಅವಳು ಕೈ ಚಾಚಿದಳು.

“ಕೊಡಿ ಮೇಡಂ, ನಾನು ಬರೀತೀನಿ.”

ಬಲಗೈಯ ಪಟ್ಟಿ ಬಿಚ್ಚಿದಳು. ಮೊದಲ ಸಾಲಿನ ಕೊನೆಗೆ ಬರೆದಳು: ಸಹಾಯಕಿಯ ಹೆಬ್ಬೆರಳು. ಕೆಳಗೆ ತನ್ನ ಸಹಿ. ಮೇಡಂ ಓದಿದರು. ಉಳಿದವಕ್ಕೆ ಮೇಲಿನಂತೆ ಎಂದು ಒಂದು ಗೆರೆ ಎಳೆದುಬಿಡಿ, ಎಂಬತ್ತಾರು ಸಲ ಬರೆಯುತ್ತ ಕೂರುತ್ತೀರಾ ಎಂದರು.

“ಒಂದೊಂದು ಮಗೂನೂ ಬೇರೆ ಬೇರೆ ಬಂದಿತ್ತು ಮೇಡಂ” ಎಂದಳು ಅವಳು, ಎರಡನೆಯ ಸಾಲಿಗೆ ಇಳಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಂದು, ಮೇಜಿನಿಂದ ನೆಲಕ್ಕೆ ಸರಿಯಿತು. ಯಾರೋ ಬಂದು ಹೋದರು. ಒಂದೊಂದು ಸಾಲಿನಲ್ಲೂ ಒಂದೊಂದು ಪಾದ ಅವಳಿಗೆ ನೆನಪಾಯಿತು, ದಪ್ಪನೆಯದು, ಬೆವರುತ್ತಿದ್ದದ್ದು, ಕಿರುಬೆರಳು ಮಡಚಿಕೊಂಡಿದ್ದದ್ದು. ಮುಗಿಸಿ ರಿಜಿಸ್ಟರನ್ನು ಮೇಡಂ ಕಡೆ ತಿರುಗಿಸಿ ಇಟ್ಟಾಗ, ಎಂಬತ್ತಾರನೆಯ ಸಾಲಿನ ಅಕ್ಷರವೂ ಮೊದಲನೆಯದರಷ್ಟೇ ದುಂಡಗಿತ್ತು, ಸಹಿ ಇನ್ನೂ ದೊಡ್ಡದಾಗಿತ್ತು.